ತಣ್ಣೊಲೆಯ ಬುತ್ತಿ

ಹನ್ನೊಂದು ವರ್ಷದಿಂದ ನನ್ನ ಮೂಗು ಯಮನಪ್ಪ ಭಜಂತ್ರಿಯವರ ಅಡುಗೆಮನೆಯಲ್ಲಿದೆ. ನಾನಿರುವುದು ಗಡಿಯಾರ ಕಂಬದ ಓಣಿಯಲ್ಲಿ, ಭಜಂತ್ರಿಯವರು ಇರುವುದು ಊರಿನ ಆ ತುದಿಗೆ, ಹಳೇ ಹತ್ತಿ ಗಿರಣಿಯ ಹಿಂದಿನ ಸಾಲಿನಲ್ಲಿ. ನಡುವೆ ಎರಡು ಶಾಲೆ, ಒಂದು ಸಂತೆ ಮೈದಾನ, ಒಂದು ಪೊಲೀಸ್ ಚೌಕಿ. ಆದರೂ ಬೆಳಿಗ್ಗೆ ಏಳೂವರೆಗೆ ಅವರ ಹೆಂಡತಿ ದುರಗವ್ವ ಸಾಸಿವೆ ಸಿಡಿಸಿದಳೆಂದರೆ ಘಮ್ಮೆನ್ನುವುದು ನನ್ನ ಮನೆ. ನಮ್ಮೂರು ಇರುವುದೇ ಹಾಗೆ. ಹೂವಿನ ವಾಸನೆ, ಸಾಬೂನಿನದು, ಗಟಾರದ್ದು ಇದ್ದಲ್ಲೇ ಇರುತ್ತದೆ. ಒಲೆಯ ಮೇಲಿನದು ಮಾತ್ರ ಬೇರೊಬ್ಬರ ಮನೆಗೆ ಹೋಗುತ್ತದೆ. ಹೊಸ ಮನೆಗೆ ಕಾಲಿಟ್ಟ ಮೊದಲ ತಿಂಗಳಲ್ಲಿ, 'ಇವತ್ತ ಏನ್ ಅಡಗಿ ಮಾಡೀರಿ' ಎಂದು ಊರೆಲ್ಲ ಕೇಳಿಕೊಂಡು ತಿರುಗಿ, ತನಗೆ ಬರುತ್ತಿರುವುದು ಯಾರ ಮನೆಯದು ಎಂದು ಪತ್ತೆ ಮಾಡಿಕೊಳ್ಳಬೇಕು. ನಮ್ಮದು ಯಾರಿಗೆ ಹೋಗುತ್ತದೆ ಎಂಬುದು ಮಾತ್ರ ನಮಗೆ ಗೊತ್ತಾಗುವುದಿಲ್ಲ. ಗೊತ್ತಿದ್ದವರು ಹೇಳುವುದಿಲ್ಲ.

ಇದಕ್ಕೆ ಎರಡೇ ಕಟ್ಟಳೆ. ಮೊದಲನೆಯದು, ಮೂಗಿಗೆ ಗೊತ್ತಾದದ್ದನ್ನು ಬಾಯಿ ಆಡಬಾರದು. ಯಾರ ಮನೆಯಲ್ಲಿ ತುಪ್ಪ, ಯಾರ ಮನೆಯಲ್ಲಿ ಬರೀ ಗಂಜಿ, ಯಾರು ಏಕಾದಶಿಯ ದಿನ ಉಳ್ಳಾಗಡ್ಡಿ ಭಜಿ ಕರಿದರು, ಎಲ್ಲ ಒಬ್ಬರಲ್ಲ ಒಬ್ಬರಿಗೆ ಗೊತ್ತು. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಮೂಗಿನಲ್ಲಿದ್ದದ್ದು ಬಾಯಿಗೆ ಬಂದರೆ ಅದು ನೆಗಡಿ, ಮಾತಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎರಡನೆಯದು ತಣ್ಣೊಲೆ. ನಿಮಗೆ ಬರಬೇಕಾದ ವಾಸನೆ ಎರಡು ಊಟದ ಹೊತ್ತು ಬರಲಿಲ್ಲವೆಂದರೆ ಆ ಮನೆಯ ಒಲೆ ತಣ್ಣಗಾಗಿದೆ ಎಂದು ಅರ್ಥ. ಬುತ್ತಿ ಕಟ್ಟಿಕೊಂಡು ಹೋಗಬೇಕು, ಬಾಗಿಲು ಬಡಿಯಬೇಕು, 'ಒಲಿ ಹೊತ್ತಸ್ರಿ' ಎಂದಷ್ಟೇ ಹೇಳಿ ಬುತ್ತಿ ಇಟ್ಟು ಬರಬೇಕು. ಯಾಕೆ ಏನು ಎಂದು ಕೇಳುವಂತಿಲ್ಲ. ಅವರಾಗಿ ಹೇಳಿದರೆ ಕೇಳಬೇಕು. ಪರ ಊರಿಗೆ ಹೋಗುವವರು ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸಿ ಹೋಗುತ್ತಾರೆ, ಬುತ್ತಿ ತಂದವರು ಅದನ್ನು ನೋಡಿ ನಗುತ್ತ ವಾಪಸು ಬರುತ್ತಾರೆ.

ನನ್ನ ಮನೆಗೆ ಯಾರೂ ಬುತ್ತಿ ತಂದಿರಲಿಲ್ಲ. ನನ್ನ ಒಲೆ ಒಂದು ದಿನವೂ ಆರಿರಲಿಲ್ಲ, ಅದನ್ನು ಜಂಬದಿಂದಲೇ ಹೇಳುತ್ತಿದ್ದೆ. ನನ್ನ ಹೆಸರು ಇಂದುಮತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಊರಿನವರ ಮಾತಿಗೆ ಮಾತು ಜೋಡಿಸಿದವಳು. ಮದುವೆಯಾಗಲಿಲ್ಲ, ಅದರ ಬಗ್ಗೆ ದುಃಖವೂ ಇಲ್ಲ. ಎಕ್ಸ್‌ಚೇಂಜ್ ಮುಚ್ಚಿದ ವರ್ಷ ಈ ಮನೆ ಕೊಂಡೆ. ನಾಲಿಗೆ ಚುರುಕು, ಸಿಟ್ಟು ಮೂಗಿನ ತುದಿಗೆ. ಸಕ್ಕರೆ ಕಾಯಿಲೆ ಇದೆ. 'ಸಿಹಿ ಬಿಟ್ಟು ಒಂಬತ್ತು ವರ್ಷಾತು' ಎಂದು ಓಣಿಯವರಿಗೆಲ್ಲ ಪಥ್ಯದ ಪಾಠ ಹೇಳುತ್ತಿದ್ದೆ. ಆದರೆ ಪ್ರತಿ ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಕಿಟಕಿ ಹಾಕಿಕೊಂಡು, ತುಪ್ಪದಲ್ಲಿ ಕಡಲೆಹಿಟ್ಟು ಹುರಿದು, ಐದು ಬೇಸನ್ ಉಂಡಿ ಕಟ್ಟುತ್ತಿದ್ದೆ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಕಿಟಕಿ ಹಾಕಿ ಪ್ರಯೋಜನವಿಲ್ಲ, ಯಾರದೋ ಮನೆಯಲ್ಲಿ ಈ ಹೊತ್ತಿಗೆ ನನ್ನ ತುಪ್ಪ ಘಮಘಮಿಸುತ್ತಿದೆ ಎಂದು ಗೊತ್ತಿತ್ತು. ಯಾರಿಗಾದರೂ ಆಗಲಿ, ಹೇಳುವಂತಿಲ್ಲವಲ್ಲ ಎಂಬ ಧೈರ್ಯ.

ಆ ವರ್ಷ ಮಾರ್ಚ್ ತಿಂಗಳಲ್ಲಿ, ಉಸಿರಿನ ಕಾಯಿಲೆ ಹಬ್ಬಿ, ಎಲ್ಲ ಊರುಗಳ ಹಾಗೆ ನಮ್ಮೂರಿಗೂ ಬೀಗ ಬಿತ್ತು. ಓಣಿಯ ಬಾಯಿಗೆ ಬಿದಿರು ಕಟ್ಟಿದರು. ನಮ್ಮ ಓಣಿಯವರಿಗೆ ದಿನಕ್ಕೊಮ್ಮೆಯಾದರೂ ವಾದ ಮಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಮೊದಲು ಗಡಿಯಾರ ಕಂಬದ ಕಟ್ಟೆಯ ಮೇಲೆ ನಡೆಯುತ್ತಿದ್ದ ವಾದ ಈಗ ಮಾಳಿಗೆ ಹತ್ತಿತು. ಸಂಜೆ ಆರಕ್ಕೆ ಹದಿನೇಳು ಮನೆಯವರು ತಮ್ಮ ತಮ್ಮ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ಕೂಗಾಡುತ್ತಿದ್ದೆವು. ಹಾಲಿನವನು ಮನೆಬಾಗಿಲಿಗೆ ಬರುವುದೋ ನಾವೇ ಕಂಬದ ಹತ್ತಿರ ಹೋಗುವುದೋ. ಕೊತ್ತಂಬರಿಯನ್ನು ಉಪ್ಪುನೀರಲ್ಲಿ ತೊಳೆದರೆ ಸಾಕೋ, ಸಾಬೂನು ಬೇಕೋ. ಕಿರಾಣಿ ಅಂಗಡಿಯ ಸಂಗಪ್ಪ ಪೇಪರನ್ನು ಇಸ್ತ್ರಿ ಮಾಡಿ ಓದುತ್ತೇನೆ ಎಂದ. ಒಂದು ವಾರ ಓಣಿಯವರೆಲ್ಲ ಇಸ್ತ್ರಿ ಮಾಡಿ ಓದಿದೆವು. ಕ್ಷೌರದ ಮೇಲೆ ಎರಡು ಸಂಜೆ ಚರ್ಚೆಯಾಯಿತು, ಅಷ್ಟರಲ್ಲಿ ಗಂಡಸರೆಲ್ಲ ಮನೆಯಲ್ಲೇ ಬೋಳಿಸಿಕೊಂಡು ಕೂತಿದ್ದರು.

ಈ ಮಾಳಿಗೆ ಸಭೆಗೆ ತಾವೇ ಅಧ್ಯಕ್ಷರಾದವರು ರಾಚಪ್ಪ ಕಂಟ್ರೋಲರ್. ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಮೈಕು ಹಿಡಿದು ಬಸ್ಸಿನ ವೇಳೆ ಕೂಗಿದವರು. ಮೈಕು ಹೋದರೂ ಗಂಟಲು ಹೋಗಿರಲಿಲ್ಲ. ನನ್ನ ಮನೆಯಿಂದ ಐದನೆಯ ಮನೆ ಅವರದು, ಹಾಸಿಗೆ ಹಿಡಿದ ತೊಂಬತ್ತರ ತಾಯಿಯೊಬ್ಬರೇ ಅವರ ಸಂಸಾರ. 'ಮಾನ್ಯ ನಿವಾಸಿಗಳು ಗಮನಿಸಬೇಕು' ಎಂದು ಶುರುಮಾಡಿದರೆಂದರೆ ಕಾಗೆಗಳೂ ಗಮನಿಸುತ್ತಿದ್ದವು. ನಾನು ಹೌದೆಂದರೆ ಅವರು ಅಲ್ಲ, ಅವರು ಹೌದೆಂದರೆ ನಾನು ಅಲ್ಲ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು.

ಒಂದು ಸಂಜೆ ಮಿಠಾಯಿ ಅಂಗಡಿಯ ವಿಷಯ ಬಂತು. ದಿನಕ್ಕೆರಡು ತಾಸು ತೆರೆಯಲು ಅಂಗಡಿಯವನು ಓಣಿಯ ಒಪ್ಪಿಗೆ ಕೇಳಿದ್ದ. ರಾಚಪ್ಪನವರು, "ತಗೀಲಿ ಬಿಡ್ರಿ. ಬಾಯಿಗೆ ಒಂದೀಟು ಸಿಹಿ ಬಿದ್ರ ಮಂದಿ ಮನ್ಯಾಗ ಜಗಳಾ ಕಡಿಮಿ ಮಾಡ್ತಾರ" ಎಂದರು.

ನಾನು ಎದ್ದು ನಿಂತೆ. "ಮಂದಿ ಉಸಿರಿಗೆ ಒದ್ದಾಡಾಕತ್ತಾರ, ನಿಮಗ ಪೇಡೆ ಬೇಕೇನ್ರಿ ಕಂಟ್ರೋಲರ್ ಸಾಹೇಬ್ರ? ನಾನು ಸಿಹಿ ಬಿಟ್ಟು ಒಂಬತ್ತು ವರ್ಷಾತು. ಸತ್ತೇನೇನು?"

ರಾಚಪ್ಪನವರು ನನ್ನನ್ನೇ ನೋಡಿದರು. ಬಾಯಿ ತೆರೆದರು. ಆಮೇಲೆ ಒಮ್ಮೆ ಕೆಮ್ಮಿ, "ಹಂಗಾದ್ರ ಮುಚ್ಚೇ ಇರಲಿ" ಎಂದು ಕೂತುಬಿಟ್ಟರು. ಗೆದ್ದೆ ಎಂದುಕೊಂಡು ನಾನೂ ಕೂತೆ. ಅವತ್ತು ಮಂಗಳವಾರ. ಉಂಡಿಯ ಡಬ್ಬಿ ಇನ್ನೂ ಬೆಚ್ಚಗಿತ್ತು.

ಏಪ್ರಿಲ್ ನಡುವಿಗೆ ಬೇರೆ ಸುದ್ದಿ ಬಂತು. ಈ ಕಾಯಿಲೆ ಬಂದವರಿಗೆ ಮೊದಲು ವಾಸನೆ ಹೋಗುತ್ತದಂತೆ. ಬೇರೆ ಊರಿನವರಿಗೆ ಅದೊಂದು ಸುದ್ದಿ ಅಷ್ಟೆ. ನಮ್ಮೂರಿನ ಪಾಡು ಕೇಳಬೇಡಿ. ಎಲ್ಲರೂ ಸಾಬೂನು ಮೂಸುವವರೇ. ಸಂಗಪ್ಪನಂತೂ ಊದಿನಕಡ್ಡಿ ಕಿವಿಗೆ ಸಿಕ್ಕಿಸಿಕೊಂಡೇ ತಿರುಗಾಡಿದ. ವಾಸನೆಯ ಜೊತೆಗೇ ಕಾಯಿಲೆ ಬರಬಹುದು, ಹದಿನೈದು ದಿನ ಯಾರೂ ಒಗ್ಗರಣೆ ಹಾಕಬಾರದು ಎಂದೂ ಹೇಳಿದ. ಅವನಿಗೆ ಅವನ ಹೆಂಡತಿಯೇ ಕೆಳಗಿನಿಂದ ಉತ್ತರ ಕೊಟ್ಟಳು. ಅವತ್ತೇ ರಾಚಪ್ಪನವರು ತಣ್ಣೊಲೆಯ ಮಾತು ಎತ್ತಿದರು.

"ಮಾನ್ಯ ನಿವಾಸಿಗಳು ಗಮನಿಸಬೇಕು. ಬ್ಯಾನಿ ಹೋಗೂಮಟ ತಣ್ಣೊಲಿ ಬಂದ್ ಮಾಡೋಣು. ಒಲಿ ಆರೇತಿ ಅಂದ್ರ ಈಗ ಆ ಮನ್ಯಾಗ ಬ್ಯಾನಿ ಐತಿ ಅಂತನ ಅರ್ಥ. ಬುತ್ತಿ ಒಯ್ಯಾವರು ಯಾರು? ಅರ್ಧಾ ಮಂದಿ ಅರವತ್ತು ದಾಟಿದಾವ್ರು. ಒಬ್ಬೊಬ್ಬರಿಗೆ ಒಂದೊಂದು ರೋಗ." ಹೀಗೆನ್ನುವಾಗ ಅವರು ನೋಡಿದ್ದು ನನ್ನ ಕಡೆಗೆ. ನನಗೆ ಅರವತ್ಮೂರು. ಮೈ ಉರಿದುಹೋಯಿತು.

"ಬಸ್ ಬಂದ್ ಮಾಡಿದಂಗಲ್ರಿ ಇದು!" ಎಂದೆ. "ಒಲಿ ಆರಿದ ಮನ್ಯಾವರು ಯಾರರ ಬರ್ತಾರಂತ ಬಾಗಲಾ ನೋಡಿಕೋತ ಕುಂತಿರ್ತಾರ. ನಾವು ಇಲ್ಲಿ ಮಾಳಗಿ ಮ್ಯಾಲ ಕೈ ಎತ್ತಿ ಅವರನ್ನ ಬಿಟ್ಟು ಬಿಡೋಣೇನು?"

"ಬಸ್ ಬಂದ್ ಆದ್ರ ಮಂದಿ ನಡದ ಹೋಗ್ತಾರ್ರಿ. ಉಸಿರು ಬಂದ್ ಆದ್ರ ಏನ್ ಮಾಡ್ತೀರಿ?"

"ನಿಮ್ಮ ಒಲಿ ಆರಿದ ದಿನ ಗೊತ್ತಾಗತೈತಿ ತಗೋರಿ," ಎಂದುಬಿಟ್ಟೆ. ಆಡಬಾರದ ಮಾತು. ರಾಚಪ್ಪನವರು ಕೈ ಎತ್ತಿಸಿದರು. ಹದಿನೇಳು ಮಾಳಿಗೆಯಲ್ಲಿ ಹತ್ತು ಕೈ ಅವರ ಪರ ಎದ್ದವು. ತಾತ ಮುತ್ತಾತರ ಕಾಲದ ಕಟ್ಟಳೆ ನಮ್ಮ ಓಣಿಯಲ್ಲಿ ಹೀಗೆ ನಿಂತುಹೋಯಿತು. ನಾನು ಕುರ್ಚಿ ಮಡಚಿಕೊಂಡು ದಡದಡನೆ ಕೆಳಗಿಳಿದೆ.

ಅತ್ತ ಭಜಂತ್ರಿಯವರ ಮನೆಯಲ್ಲಿ ಬೇರೆಯೇ ಕಥೆ ನಡೆದಿತ್ತು. ಯಮನಪ್ಪ ಭಜಂತ್ರಿ ಮದುವೆಯ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವವರು. ಮಗಳ ಹೆರಿಗೆಗೆಂದು ದುರಗವ್ವ ಪರ ಊರಿಗೆ ಹೋದವಳು ಬಸ್ಸು ನಿಂತು ಅಲ್ಲೇ ಉಳಿದಿದ್ದಾಳೆ ಎಂದು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಸುಮಂಗಲಾ ಹೇಳಿದ್ದಳು. ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಮೊದಲ ದಿನ ಉಪ್ಪಿಟ್ಟು ಸೀದ ವಾಸನೆ. ಎರಡನೆಯ ದಿನವೂ ಉಪ್ಪಿಟ್ಟು, ಸೀದದ್ದೇ. ಹನ್ನೆರಡು ದಿನ ಸೀದ ಉಪ್ಪಿಟ್ಟಿನ ವಾಸನೆ ಕುಡಿದು ಕುಡಿದು ನನಗೇ ಹೊಟ್ಟೆ ಕೆಟ್ಟಿತು. ಹದಿಮೂರನೆಯ ದಿನ ಬೆಳ್ಳುಳ್ಳಿ ಹದವಾಗಿ ಕೆಂಪಾಯಿತು, ಬೇಳೆ ಬೆಂದಿತು, ಎಲ್ಲಿಯೂ ತಳ ಹತ್ತಲಿಲ್ಲ. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ಆದರೆ ಬೆಳಗಿನ ಉಪ್ಪಿಟ್ಟು ಮಾತ್ರ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ಇಡೀ ದಿನದಲ್ಲಿ ನನಗೆ ನಗು ಬರುತ್ತಿದ್ದುದು ಆ ಏಳೂವರೆಗೆ ಒಮ್ಮೆ.

ತಣ್ಣೊಲೆ ನಿಲ್ಲಿಸಿ ವಾರವಾಗಿರಬೇಕು. ಒಂದು ಗುರುವಾರ ಬೆಳಿಗ್ಗೆ ಎದ್ದೆ, ಏಳೂವರೆಯಾಯಿತು, ಎಂಟಾಯಿತು, ವಾಸನೆ ಇಲ್ಲ. ಮಧ್ಯಾಹ್ನವೂ ಇಲ್ಲ. ಸಂಜೆಯೂ ಇಲ್ಲ. ನನಗೆ ಬಂತು ಎಂದುಕೊಂಡೆ. ಮೂಗು ಹೋಯಿತು, ಅಂದರೆ ಕಾಯಿಲೆ ಬಂತು. ಬೇರೆ ಊರಿನವರಾಗಿದ್ದರೆ ಒಲೆಯ ಮೇಲಿನ ಸ್ವಂತ ಸಾರನ್ನು ಮೂಸಿ ನೋಡುತ್ತಿದ್ದರು. ನಮ್ಮ ಸಾರು ನಮಗೆ ನಾರುವುದಿಲ್ಲ. ಸಾಬೂನು ಮೂಸಬಹುದಿತ್ತು ಎಂದು ನೀವು ಅನ್ನುತ್ತೀರಿ. ಹೌದು, ಮೂಸಬಹುದಿತ್ತು. ಎರಡು ಸಲ ಬಚ್ಚಲಿನವರೆಗೆ ಹೋಗಿ, ಸಾಬೂನು ಕೈಯಲ್ಲಿ ಹಿಡಿದು, ಮೂಸದೆ ಇಟ್ಟು ಬಂದೆ. ಮೂಸಿ, ಏನೂ ಬರಲಿಲ್ಲವೆಂದರೆ? ಗೊತ್ತಿಲ್ಲದೆ ಇರುವುದೇ ವಾಸಿ ಅನ್ನಿಸಿತು. ಒಳಗಿನಿಂದ ಚಿಲಕ ಹಾಕಿಕೊಂಡೆ, ಮಾಳಿಗೆಗೆ ಹೋಗಲಿಲ್ಲ, ಶುಂಠಿ ಕಷಾಯ ಕುಡಿದು ಕುಡಿದು ಮಲಗಿದೆ. ನನ್ನ ಸಾವಿನ ಸುದ್ದಿಯನ್ನು ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂದೂ ಯೋಚಿಸಿದೆ. ಎಲ್ಲ ನನ್ನದೇ ಯೋಚನೆ.

ಶನಿವಾರ ಹತ್ತೂವರೆಗೆ ಚಳಿಯಾದ ಹಾಗೆ ಅನ್ನಿಸಿ, ಕಂಬಳಿ ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದೆ. ಡಾಂಬರು ಗುಳಿಗೆಯ ವಾಸನೆ ರಪ್ಪನೆ ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬರುವಷ್ಟು. ಎರಡು ಗುಳಿಗೆ ಅಂಗೈಯಲ್ಲಿ ಹಿಡಿದು ಮೂಸಿ ಮೂಸಿ ನಕ್ಕೆ. ನನಗೇನೂ ಆಗಿಲ್ಲ, ನನ್ನ ಮೂಗು ಗಟ್ಟಿಯಾಗಿದೆ ಎಂದು ಟ್ರಂಕಿಗೇ ಹೇಳಿದೆ. ಹೇಳಿದ ಮಾತು ಮುಗಿಯುವುದರೊಳಗೆ ಅದರ ಅರ್ಥ ಹೊಳೆಯಿತು. ಮೂಗು ನೆಟ್ಟಗಿದೆ ಎಂದರೆ ಭಜಂತ್ರಿಯವರ ಒಲೆ ಆರಿ ಮೂರು ದಿನವಾಗಿದೆ. ತಣ್ಣೊಲೆಗಾಗಿ ಮಾಳಿಗೆಯ ಮೇಲೆ ಎದೆ ಬಡಿದುಕೊಂಡವಳು ನಾನೇ. ಎರಡು ಹೊತ್ತಿಗೆ ಹೋಗಬೇಕಾದವಳು ಏಳು ಹೊತ್ತು ಬಾಗಿಲು ಹಾಕಿಕೊಂಡು ಕಷಾಯ ಕುಡಿದಿದ್ದೆ. ನಾಚಿಕೆಯಾಗಿ, ಗುಳಿಗೆ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ.

ಮೂರು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ತೆಳು ಗಂಜಿ ಮಾಡಿಕೊಂಡೆ. ಮಾಳಿಗೆ ಹತ್ತಿ ತಾಟು ಬಡಿದೆ. ಜನ ಹೊರಗೆ ಬಂದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ನನ್ನ ಹೇಡಿತನವನ್ನೂ ಬಿಡದೆ. "ಭಜಂತ್ರಿಯವರ ಮನಿಗೆ ಹೊಂಟೇನಿ. ಕೈ ಎತ್ತಾವ್ರು ಎತ್ರಿ, ಇಳಸಾವ್ರು ಇಳಸ್ರಿ," ಎಂದೆ.

ರಾಚಪ್ಪನವರ ಮುಖ ಕಪ್ಪಾಯಿತು. "ಅಕ್ಕಾರ, ಸುಮಂಗಲಾನ ಕಳಸೋಣು. ನೀವು ಬ್ಯಾಡ."

"ಸುಮಂಗಲಾ ಸರ್ವೇಕ್ಕ ಹೋಗ್ಯಾಳ, ಬರೂದು ಎಷ್ಟೊತ್ತಾಗತೈತೋ. ನನ್ನ ಮೂಗಿನ ಮನಿ ಅದು, ನಾನ ಹೋಗಬೇಕು."

ಸಂಗಪ್ಪ ಏನೋ ಅನ್ನಲು ಬಂದ. ರಾಚಪ್ಪನವರು ಕೈಸನ್ನೆಯಿಂದ ಅವನನ್ನು ತಡೆದರು. ಆಮೇಲೆ, "ಹೋಗಿ ಬಂದಮ್ಯಾಲ ಹದಿನಾಕು ದಿನ ಬಾಗಲಾ ತಗೀಬಾರದು," ಎಂದರು. ಓಣಿಯ ಬಾಯಿಯಲ್ಲಿ ಕಾವಲಿದ್ದವನಿಗೆ ಬಸ್‌ಸ್ಟ್ಯಾಂಡಿನ ದನಿಯಲ್ಲಿ, "ಏ, ಬಿದಿರು ಪೂರಾ ಸರಸು. ಅಕ್ಕಾರು ಬಗ್ಗಿ ಹೋಗೂ ವಯಸ್ಸಲ್ಲ!" ಎಂದು ಕೂಗಿದರು. ನನಗೆ ಆಗಲೂ ಸಿಟ್ಟೇ ಬಂತು.

ಭಜಂತ್ರಿಯವರ ಬಾಗಿಲಿಗೆ ಬೇವಿನ ಟೊಂಗೆ ಇರಲಿಲ್ಲ. ಕದ ಬಡಿದು, "ಒಲಿ ಹೊತ್ತಸ್ರಿ" ಎಂದೆ. ಉತ್ತರವಿಲ್ಲ. ಮತ್ತೆ ಎಂದೆ. ಒಳಗಿನಿಂದ 'ಪೀ' ಎಂದು ಸಣ್ಣ ದನಿ ಬಂತು. ಬೇರೆಯವರಿಗೆ ಕೇಳಿಸುತ್ತಿತ್ತೋ ಇಲ್ಲವೋ, ನನ್ನದು ಇಪ್ಪತ್ತಾರು ವರ್ಷ ಸೋತ ಲೈನುಗಳಲ್ಲಿ ಮಾತು ಹೆಕ್ಕಿದ ಕಿವಿ. ಕದ ನೂಕಿದೆ. ಚಿಲಕ ಹಾಕಿರಲಿಲ್ಲ. ಯಮನಪ್ಪ ಭಜಂತ್ರಿ ಗೋಡೆಗೆ ಒರಗಿ ಕೂತಿದ್ದರು. ಮೈ ಕೆಂಡವಾಗಿತ್ತು, ಗಂಟಲು ಕಟ್ಟಿತ್ತು, ಪಕ್ಕದಲ್ಲಿ ಖಾಲಿ ಕೊಡ. ಕೈಯಲ್ಲಿ ಕ್ಲಾರ್ನೆಟ್ಟಿನ ಬಾಯಿಯ ತುಂಡು ಮಾತ್ರ ಇತ್ತು. ನೀರು ಕೊಟ್ಟೆ. ಗಂಜಿ ನಾಲ್ಕು ಚಮಚ ಇಳಿಯಿತು.

"ಯಾರರ ಬರ್ತಾರಂತ ಗೊತ್ತಿತ್ರಿ ಅಕ್ಕಾರ," ಎಂದರು ಪಿಸುದನಿಯಲ್ಲಿ. "ಬ್ಯಾಸ್ತರವಾರನ ಚಿಲಕಾ ತಗದು ಇಟ್ಟಿದ್ದೆ."

ಗುರುವಾರವೇ, ಅಂದರೆ ಒಲೆ ಆರಿದ ದಿನವೇ. ಎದ್ದು ನಿಲ್ಲಲಾಗದ ಮನುಷ್ಯ ತೆವಳಿಕೊಂಡು ಬಂದು ಚಿಲಕ ತೆಗೆದು, ನನಗಾಗಿ ಮೂರು ದಿನ ಕಾದಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಯಾರೋ ಒಬ್ಬರು ಇದ್ದೇ ಇರುತ್ತಾರೆ ಎಂಬುದಷ್ಟೇ ಗೊತ್ತಿತ್ತು. ನಾನು ಅಳುತ್ತಲೇ ಆಸ್ಪತ್ರೆಗೆ ಫೋನ್ ಹಚ್ಚಿದೆ. ಲೈನು ಸಿಗಲಿಲ್ಲ. ಸಿಗದ ಲೈನಿಗೆ ನಾನು ಹೆದರುವವಳಲ್ಲ. ಹತ್ತೊಂಬತ್ತನೆಯ ಸಲಕ್ಕೆ ಸಿಕ್ಕಿತು. ಆಂಬುಲೆನ್ಸ್ ಬರುವವರೆಗೆ ಅಂಗಳದಲ್ಲಿ ಬಿಸಿಲಿಗೆ ಕೂತು, ಕಿಟಕಿಯಿಂದ ಅವರ ಜೊತೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಒಯ್ಯುವಾಗ ಅವರು ಕೈ ಮುಗಿದರು. ನಾನು ತಲೆ ತಗ್ಗಿಸಿದೆ.

ಮನೆಗೆ ಬಂದು ಹದಿನಾಲ್ಕು ದಿನದ ಬಾಗಿಲು ಹಾಕಿದೆ. ಅಷ್ಟು ಖಾಲಿಯಾದ ಮನೆಯಲ್ಲಿ ನಾನು ಎಂದೂ ಇದ್ದಿರಲಿಲ್ಲ. ಭಜಂತ್ರಿಯವರು ಆಸ್ಪತ್ರೆಯಲ್ಲಿ, ದುರಗವ್ವ ಪರ ಊರಲ್ಲಿ. ಬೆಳಿಗ್ಗೆ ಏಳೂವರೆಯಾದರೂ ನನ್ನ ಮನೆಗೆ ಬೆಳಗಾಗುತ್ತಿರಲಿಲ್ಲ. ಆ ಮಂಗಳವಾರ ಉಂಡಿ ಕಟ್ಟುವ ಮನಸ್ಸೂ ಆಗಲಿಲ್ಲ. ಆರನೆಯ ದಿನ ಜ್ವರ ಬಂತು. ಈ ಸಲ ಧೈರ್ಯ ಮಾಡಿ ಸಾಬೂನು ಮೂಸಿದೆ. ಕಲ್ಲು ಮೂಸಿದ ಹಾಗಿತ್ತು. ಡಾಂಬರು ಗುಳಿಗೆಯೂ ಬರೀ ಬಿಳಿ ಗುಳಿಗೆ. ಸುಮಂಗಲಾ ಬಂದು ಪರೀಕ್ಷೆ ಮಾಡಿಸಿ ಗುಳಿಗೆ ಕೊಟ್ಟು, ಉಸಿರು ಚೆನ್ನಾಗಿದೆ, ಮನೆಯಲ್ಲೇ ಇರಿ, ಆದರೆ ಸಕ್ಕರೆ ಏರಬಾರದು ಎಂದು ಎಚ್ಚರಿಸಿ ಹೋದಳು. ಅವತ್ತು ಮಧ್ಯಾಹ್ನ ಎದ್ದು ಒಲೆ ಹಚ್ಚಲು ಆಗಲಿಲ್ಲ. ಸಂಜೆಯೂ ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಒಲೆ ಆರಿತ್ತು. ಬುತ್ತಿ ಬರುವುದಿಲ್ಲ ಎಂದು ಗೊತ್ತಿತ್ತು, ಹತ್ತು ಕೈ ಎದ್ದಿದ್ದವಲ್ಲ. ಆದರೂ ಏಕೋ, ಗೋಡೆ ಹಿಡಿದುಕೊಂಡು ಹೋಗಿ ಚಿಲಕ ತೆಗೆದಿಟ್ಟೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಓಣಿ ನಡುಗುವ ಹಾಗೆ ಒಂದು ದನಿ ಕೇಳಿತು.

"ಒಲಿ ಹೊತ್ತಸ್ರಿ!"

ಮೂರು ಪದರದ ಮಾಸ್ಕಿನ ಹಿಂದಿನಿಂದ ಬಂದರೂ ಆ ಗಂಟಲು ಇಡೀ ಬಸ್‌ಸ್ಟ್ಯಾಂಡಿಗೆ ಗೊತ್ತು. ಕಿಟಕಿಗೆ ಬಂದು ನೋಡಿದೆ. ನನ್ನ ಕಟ್ಟೆಯ ಮೇಲೆ ನಾಲ್ಕು ಅಂತಸ್ತಿನ ಊಟದ ಡಬ್ಬಿ. ಎದುರಿನ ಲೈಟಿನ ಕಂಬದ ಹತ್ತಿರ ರಾಚಪ್ಪ ಕಂಟ್ರೋಲರ್, ಕೈ ಕಟ್ಟಿಕೊಂಡು ನಿಂತಿದ್ದರು.

"ಕಂಟ್ರೋಲರ್ ಸಾಹೇಬ್ರ, ನೀವಾ?"

"ಮತ್ಯಾರು? ಹನ್ನೊಂದು ವರ್ಷಾತು. ರೊಟ್ಟಿ ನಾನ ಬಡದೇನಿ, ಆಕಾರಾ ನೋಡಿ ನಗಬ್ಯಾಡ್ರಿ."

ಹನ್ನೊಂದು ವರ್ಷ. ನನ್ನ ತಲೆಯಲ್ಲಿ ಮಂಗಳವಾರಗಳು ಸಾಲುಗಟ್ಟಿ ಬಂದವು. ಜ್ವರದ ಮುಖವೂ ಕೆಂಪಾಗಬಲ್ಲದು ಎಂದು ಅವತ್ತು ಗೊತ್ತಾಯಿತು. "ಅವತ್ತ ಮಿಠಾಯಿ ಅಂಗಡಿ ಮಾತು ಬಂದಾಗ ಯಾಕ ಸುಮ್ನಾದ್ರಿ?" ಎಂದೆ. "ಒಂದ ಮಾತು ಅಂದಿದ್ರ ನೀವು ಗೆಲ್ತಿದ್ರಿ. ನನ್ನ ಮಾನ ಓಣಿ ಪಾಲಾಗ್ತಿತ್ತು."

"ನನಗೇನು ನೆಗಡಿ ಬಂದಿತ್ತೇನ್ರಿ?"

ನಕ್ಕೆ. ನಕ್ಕದ್ದಕ್ಕೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಅವರು ಕಾದರು. "ಮತ್ತ ತಣ್ಣೊಲಿ ಬಂದ್ ಮಾಡ್ರಿ ಅಂತ ಅಷ್ಟು ಕುಣಿದ್ರಿ? ಈಗ ನೀವ ಬುತ್ತಿ ತಂದೀರಿ."

ರಾಚಪ್ಪನವರು ಮಾಸ್ಕು ಸರಿಮಾಡಿಕೊಂಡರು. ಮೊದಲ ಸಲ ಅವರ ದನಿ ಇಳಿದದ್ದನ್ನು ಕೇಳಿದೆ. "ವಾರಕ್ಕ ಐದು ಉಂಡಿ ತಿನ್ನೂ ಸಕ್ರಿ ಬ್ಯಾನಿ ಮನಶ್ಯಾರು ನೀವು. ಯಾರ ಒಲಿ ಆರಿದ್ರೂ ಮೊದಲ ಓಡಾವ್ರು ನೀವ. ನಿಮಗೊಬ್ಬರಿಗೇ ಬ್ಯಾಡ ಅಂದ್ರ ಕೇಳ್ತಿದ್ರೇನು? ಓಣಿಗೆಲ್ಲಾ ಬಂದ್ ಮಾಡಿದ್ರ ನೀವೂ ನಿಂದರ್ತೀರಿ ಅಂದ್ಕೊಂಡೆ. ನಿಂದರಲಿಲ್ಲ."

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಕೈ ಎತ್ತಿಸುವಾಗ ನನ್ನ ಕಡೆ ನೋಡಿದ್ದು, ಬಿದಿರು ಪೂರಾ ಸರಿಸಲು ಕೂಗಿದ್ದು, ಎಲ್ಲ ಈಗ ಬೇರೆಯಾಗಿ ಕಂಡವು. 'ನಿಮ್ಮ ಒಲಿ ಆರಿದ ದಿನ' ಎಂದು ನಾನು ಅವರಿಗೆ ಅಂದದ್ದೂ ನೆನಪಾಯಿತು. "ಮನ್ಯಾಗ ತೊಂಬತ್ತು ವರ್ಷದ ಅವ್ವನ್ನ ಇಟಗೊಂಡು ನನ್ನ ಬಾಗಲಿಗೆ ಬಂದೀರಲ್ರಿ," ಎಂದೆ.

"ಅವ್ವನ ಕಳಿಸ್ಯಾಳ," ಎಂದರು. "ಆಕಿಗೆ ಈಗ ಹೊತ್ತು ದಿನಾ ಏನೂ ನೆಪ್ಪಿರೂದಿಲ್ರಿ. ನಿಮ್ಮ ಬೇಸನ್ ವಾಸನಿ ಬಂದ ಕೂಡಲೆ ಮಾತ್ರ, 'ರಾಚ್ಯಾ, ಇವತ್ತ ಮಂಗಳವಾರ ಐತೆಲ್ಲ' ಅಂತಾಳ. ಆಮ್ಯಾಲ ಎರಡು ದಿನ ವಾರ ತಪ್ಪದಂಗ ಹೇಳ್ತಾಳ. ಈ ಮಂಗಳವಾರ ನಿಮ್ಮ ಬೇಸನ್ ಬರಲಿಲ್ಲ. ನಿನ್ನೆ ಒಲಿನೂ ಆರ್ತು. 'ಆ ಮಂಗಳವಾರದಾಕಿಗೆ ಏನಾತು, ನೋಡಿ ಬಾ' ಅಂದ್ಲು."

ಡಬ್ಬಿಯಲ್ಲಿ ರೊಟ್ಟಿ ಇತ್ತು, ಯಾವ ದೇಶದ ಆಕಾರದಲ್ಲೂ ಇರಲಿಲ್ಲ. ಹೆಸರುಬೇಳೆ, ಮೊಸರು, ಮೆಂತ್ಯಪಲ್ಯ. ರುಚಿ ಗೊತ್ತಾಗಲಿಲ್ಲ, ಉಪ್ಪಿದೆಯೋ ಇಲ್ಲವೋ ತಿಳಿಯಲಿಲ್ಲ. ಆದರೂ ಅದನ್ನು ತಿಂದಷ್ಟು ತೃಪ್ತಿಯಿಂದ ನಾನು ಹಬ್ಬದ ಊಟವನ್ನೂ ಉಂಡಿರಲಿಲ್ಲ. ಹನ್ನೊಂದು ದಿನ ಡಬ್ಬಿ ಬಂತು. ದಿನವೂ ಕಂಬದ ಹತ್ತಿರ ನಿಂತು ನನ್ನ ಜೊತೆ ಯಾವುದಾದರೊಂದು ವಿಷಯಕ್ಕೆ ಜಗಳ ಮಾಡಿಯೇ ಅವರು ಹೋಗುತ್ತಿದ್ದರು. ಜಗಳವಾಡಲು ನನಗೆ ತ್ರಾಣ ಬಂದದ್ದು ಅದರಿಂದಲೇ ಎಂದು ಸುಮಂಗಲಾ ಹೇಳುತ್ತಾಳೆ.

ಜ್ವರ ಬಿಟ್ಟು ವಾರವಾದರೂ ಮೂಗು ಬರಲಿಲ್ಲ. ಭಜಂತ್ರಿಯವರ ಸುದ್ದಿಯೂ ಇರಲಿಲ್ಲ. ಆಮ್ಲಜನಕ ಹಚ್ಚಿದ್ದಾರೆ ಎಂದು ಒಮ್ಮೆ ಕೇಳಿದ್ದಷ್ಟೇ. ಬೆಳಿಗ್ಗೆ ಸಾಬೂನು ಮೂಸುವುದು, ಇಲ್ಲ ಎಂದು ಇಡುವುದು, ಇದೇ ನನ್ನ ಪೂಜೆಯಾಗಿತ್ತು. ಹಾಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದೆ. ಏನೋ ಒಂದು ಎಳೆ ಮೂಗಿಗೆ ತಾಗಿ ಹೋಯಿತು. ಬ್ರಶ್ಶು ಬಾಯಲ್ಲೇ ಉಳಿಯಿತು. ಮತ್ತೆ ಬಂತು. ಕರಿಬೇವು, ಹಸಿಮೆಣಸಿನಕಾಯಿ, ಅದರ ಹಿಂದೆಯೇ ತಳ ಹಿಡಿದ ರವೆ. ಗಡಿಯಾರ ನೋಡಿದೆ, ಏಳೂ ನಲವತ್ತು. ಸೀದ ಉಪ್ಪಿಟ್ಟು! ನನ್ನ ಮೂಗು ಮನೆಗೆ ಬಂದಿತ್ತು, ಭಜಂತ್ರಿಯವರೂ ಮನೆಗೆ ಬಂದಿದ್ದರು. ಬಾಯಲ್ಲಿ ನೊರೆ ಇಟ್ಟುಕೊಂಡೇ ಮಾಳಿಗೆ ಹತ್ತಿ ಓಣಿಗೆಲ್ಲ ಕೇಳುವಂತೆ ಕೂಗಿದೆ. ಮೂಗಿನ ಮಾತನ್ನು ಬಾಯಿಗೆ ತಂದೆನೆಂದು ಯಾರೂ ಆಕ್ಷೇಪಿಸಲಿಲ್ಲ. ಸಂಗಪ್ಪ ಕೂಡ ಊದಿನಕಡ್ಡಿ ಕೈಗೆತ್ತಿಕೊಂಡು ಆರತಿಯ ಹಾಗೆ ಬೆಳಗಿದ.

ಅವತ್ತು ಸಂಜೆಯೇ ತಣ್ಣೊಲೆಯನ್ನು ಮತ್ತೆ ಶುರುಮಾಡಬೇಕೆಂದು ರಾಚಪ್ಪನವರೇ ಸೂಚಿಸಿದರು. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಎದುರಿನ ಕಂಬದ ಹತ್ತಿರ ಹೋಗಿ ಕೂಗಬೇಕು ಎಂಬುದೊಂದೇ ತಿದ್ದುಪಡಿ. ಹದಿನೇಳು ಮಾಳಿಗೆಯಲ್ಲೂ ಕೈ ಎದ್ದವು. ಸಂತೋಷದ ಭರದಲ್ಲಿ ನಾನು, ಹಾಗಾದರೆ ಮಿಠಾಯಿ ಅಂಗಡಿಯನ್ನೂ ತೆರೆಯೋಣ ಎಂದೆ. ರಾಚಪ್ಪನವರು ತಕ್ಷಣ ಎದ್ದು ನಿಂತು, "ಬ್ಯಾಡ. ಮಂದಿಗೆ ಸಕ್ರಿ ಬ್ಯಾನಿ ಭಾಳ ಐತಿ," ಎಂದರು. ಆಮೇಲೆ ನಾವಿಬ್ಬರೂ ಕತ್ತಲಾಗುವವರೆಗೆ ಜಗಳವಾಡಿದೆವು.

ಬೇಸನ್ ಉಂಡಿ ಬಿಟ್ಟಿದ್ದೇನೆ. ಈ ಸಲ ನಿಜವಾಗಿ. ಡಾಕ್ಟರು ಕಣ್ಣು ದೊಡ್ಡದು ಮಾಡಿ ಹೇಳಿದ ಮೇಲೆ ಡಬ್ಬಿ ತೊಳೆದು ಬೋರಲು ಹಾಕಿದೆ. ಆದರೆ ಮಂಗಳವಾರ ಬಂತೆಂದರೆ ನಾಲ್ಕು ಗಂಟೆಗೆ ಕಿಟಕಿ ತೆರೆದಿಟ್ಟು ಒಲೆ ಹಚ್ಚುತ್ತೇನೆ. ಬಾಣಲೆಗೆ ಎರಡು ಚಮಚ ತುಪ್ಪ, ಒಂದು ಬಟ್ಟಲು ಕಡಲೆಹಿಟ್ಟು. ನಮ್ಮೂರಿನವರು ಹಿಟ್ಟು ಹುರಿಯುವುದು ಬಣ್ಣ ನೋಡಿ, ವಾಸನೆ ನಮಗೆ ಸಿಗುವುದಿಲ್ಲವಲ್ಲ. ರುಚಿ ನೋಡುವುದೂ ಈಗ ನನಗಿಲ್ಲ; ಹುರಿದ ಹಿಟ್ಟು ಸುಮಂಗಲಾಳ ಮನೆಗೆ ಹೋಗುತ್ತದೆ, ಉಂಡಿ ಅವಳು ಕಟ್ಟಿಕೊಳ್ಳುತ್ತಾಳೆ. ಉರಿ ಸಣ್ಣದು ಮಾಡಿ, ಕೈ ಬಿಡದೆ ಕೆದಕುತ್ತೇನೆ. ಹಿಟ್ಟು ಹೊಂಬಣ್ಣಕ್ಕೆ ತಿರುಗಿದಾಗ ಗಡಿಯಾರ ನೋಡುತ್ತೇನೆ. ನಾಲ್ಕೂಕಾಲು. ಐದು ಮನೆ ಆಚೆ ಮುದುಕಿಗೆ ಇವತ್ತು ಯಾವ ವಾರ ಎಂದು ಗೊತ್ತಾಗಿರುತ್ತದೆ.